ಬಸ್ಸಿನಲ್ಲಿ ಬಂದ ಕಾದಂಬರಿ

ಇಳಕಲ್ಲಿನ ನೇಕಾರ ರಾಚಪ್ಪನಿಗೆ ಎಲೆ ಅಡಿಕೆಯ ಚಟವಿರಲಿಲ್ಲ, ಬೀಡಿಯದೂ ಇರಲಿಲ್ಲ. ಇದ್ದದ್ದು ಕಾದಂಬರಿಯ ಚಟ. ಊರ ಗ್ರಂಥಾಲಯದಿಂದ ತಂದ ಪುಸ್ತಕ ಯಾವಾಗಲೂ ಮಗ್ಗದ ಪಕ್ಕದಲ್ಲೇ ಬಿದ್ದಿರುತ್ತಿತ್ತು. ಎಳೆ ಹರಿದು ಕೆಲಸ ನಿಂತರೆ, ಹೆಂಡತಿ ಶಿವಬಸವ್ವ ಅದನ್ನು ಕೂಡಿಸುವಷ್ಟರಲ್ಲಿ ಇವನು ಒಂದು ಪುಟ ಮುಗಿಸಿರುತ್ತಿದ್ದ.

ನಲವತ್ತು ದಾಟಿದ ಮೇಲೆ ಮೊದಲು ಸೀರೆಯ ದಡಿಯ ಎಳೆಗಳು ಒಂದರಲ್ಲೊಂದು ಕಲಸಿಕೊಂಡವು, ಆಮೇಲೆ ಅಕ್ಷರಗಳು. ಬಾಗಲಕೋಟೆಯ ಕಣ್ಣಿನ ಡಾಕ್ಟರು ಬೆಳಕು ಹಿಡಿದು ನೋಡಿ, "ನರಾನ ಒಣಗ್ಯಾವಪಾ. ಇದಕ್ಕ ಆಪರೇಶನ್ ಇಲ್ಲ" ಎಂದುಬಿಟ್ಟರು. ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆಯ ಹೊತ್ತಿಗೆ ಅವನಿಗೆ ಬಾಗಿಲಿನ ಬೆಳಕಷ್ಟೇ ಬೆಳಕಾಗಿ ಉಳಿದಿತ್ತು. ಶಿವಬಸವ್ವ ಮಗ್ಗಕ್ಕೆ ಕೂತಳು. ಅವನು ಕೈಯ ಅಂದಾಜಿನ ಮೇಲೆ ಲಾಳಿಯ ಕಂಡಿಕೆಗೆ ನೂಲು ಸುತ್ತತೊಡಗಿದ. ಹೊಟ್ಟೆಗೆ ಕಡಿಮೆಯಾಗಲಿಲ್ಲ. ಆದರೆ ಕತೆಯಿಲ್ಲದೆ ದಿನ ಸಪ್ಪಗಾಯಿತು. ಶಿವಬಸವ್ವನಿಗೆ ಓದು ಬರುತ್ತಿರಲಿಲ್ಲ. ಓದು ಬಲ್ಲ ಮಗಳು ಬಾದಾಮಿಗೆ ಸೊಸೆಯಾಗಿ ಹೋಗಿದ್ದಳು.

ಒಂದು ಸಂಜೆ ಮಠದಿಂದ ಕೋಲೂರಿಕೊಂಡು ಬರುವಾಗ, ಬ್ಯಾಂಕಿನಲ್ಲಿ ಕೆಲಸ ಮಾಡುವ ವಾಸುದೇವರಾಯರ ಮನೆಯ ಕಿಟಕಿಯಿಂದ ದನಿ ಕೇಳಿತು. ಮಾತಿನ ದನಿಯಲ್ಲ, ಓದಿನ ದನಿ. ಕಣ್ಣಿಗೆ ಪೊರೆ ಬಂದ ತಾಯಿಗೆ ಮಗ ಕಾದಂಬರಿ ಓದಿ ಹೇಳುತ್ತಿದ್ದ. ರಾಚಪ್ಪ ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಮೆಲ್ಲಗೆ ಕೂತ. ಮರುದಿನವೂ ಅಲ್ಲೇ ಬಂದು ಕೂತ. ಮಠಕ್ಕೆ ಹೋಗಿಬರುವ ಹೊತ್ತು ಯಾಕೆ ಇಷ್ಟು ಬೆಳೆಯಿತೆಂದು ಶಿವಬಸವ್ವನಿಗೇ ಸೋಜಿಗವಾಗತೊಡಗಿತು.

ಹೀಗೇ ನಡೆದಿರುವಾಗ ಒಂದು ದಿನ ಓದು ನಡುವೆಯೇ ನಿಂತಿತು.

"ವಾಸು, ತಡಿ. ಹೊರಗ ಯಾರೋ ಕೂತಾರ. ನೀ ಪುಟಾ ತಿರುವಿದಾಗೊಮ್ಮೆ ಕೆಮ್ಮತಾರ" ಎಂದಳು ತಾಯಿ ಭಾಗೀರಥೀಬಾಯಿ. ಆಮೇಲೆ ದನಿ ಏರಿಸಿ, "ಯಾರಪಾ ಅಲ್ಲೆ?" ಎಂದಳು.

ರಾಚಪ್ಪ ಗಡಬಡಿಸಿ ಎದ್ದ. "ನಾನ್ರಿ ಬಾಯಾರ, ನೇಕಾರ ರಾಚಪ್ಪ. ತಪ್ಪು ತಿಳ್ಕೊಬ್ಯಾಡ್ರಿ. ಕಣ್ಣು ಹೋಗ್ಯಾವ್ರಿ. ಪುಕ್ಕಟ ಕತಿ ಸಿಗತೈತಂತ ಕೂತಿದ್ನಿ."

"ಯಾವಾಗಿಂದ ಕೂಡ್ಲಿಕ್ಕೆ ಹತ್ತೀ?"

"ಆ ಮಾಸ್ತರ ಮಗಳ ಲಗ್ನ ಮುರೀತಲ್ರಿ, ಆವತ್ತಿನಿಂದ್ರಿ."

ಒಳಗೆ ತಾಯಿ ಮಗ ಇಬ್ಬರೂ ನಕ್ಕರು. "ಅಯ್ಯ, ಈಗ ಆಕಿ ಮಗನ ಲಗ್ನಕ್ಕ ಬಂತಲ್ಲೋ ಕತಿ! ಕಲ್ಲಿನ ಮ್ಯಾಲೆ ಕೂತು ಕೇಳೂದೇನು? ಒಳಗ ಬಾ."

ಅಂದಿನಿಂದ ಪಡಸಾಲೆಯಲ್ಲಿ ರಾಚಪ್ಪನಿಗೊಂದು ಚಾಪೆ ಹಾಸಿರುತ್ತಿತ್ತು. ಕತೆ ಮುಗಿದ ದಿನ ಅವನೂ ಭಾಗೀರಥೀಬಾಯಿಯೂ ಜಗಳಕ್ಕೆ ಬಿದ್ದವರಂತೆ ವಾದ ಮಾಡುತ್ತಿದ್ದರು. ಯಾರನ್ನು ಸಾಯಿಸಬಾರದಿತ್ತು, ಯಾರನ್ನು ಸಾಯಿಸಿದ್ದರೂ ನಡೆಯುತ್ತಿತ್ತು ಎಂದು. ವಾಸುದೇವರಾಯರು ಚಹಾ ಕುಡಿಯುತ್ತ ನಗುತ್ತಿದ್ದರು.

ಮರುವರ್ಷ ಅವರಿಗೆ ಬಾಗಲಕೋಟೆಗೆ ವರ್ಗವಾಯಿತು. ಆಗ ಓದು ನಡೆದಿದ್ದದ್ದು ಕಮಲಾಕ್ಷಿ ಎಂಬವಳ ಕತೆ. ಗಂಡನ ಮನೆ ಬಿಟ್ಟು, ಹೊಲಿಗೆ ಯಂತ್ರವೊಂದನ್ನು ಇಟ್ಟುಕೊಂಡು ಹೆರವರ ಊರಲ್ಲಿ ಬದುಕು ಕಟ್ಟಿದ ಹೆಣ್ಣು. ಎಷ್ಟೋ ವರ್ಷಕ್ಕೆ ಗಂಡ ಹುಡುಕಿಕೊಂಡು ಬಂದು ಬಾಗಿಲು ಬಡಿಯುತ್ತಾನೆ. ಅಲ್ಲಿಗೇ ಸಾಮಾನು ಕಟ್ಟುವ ಗದ್ದಲ ಶುರುವಾಗಿ, ಪುಸ್ತಕ ಗ್ರಂಥಾಲಯಕ್ಕೆ ವಾಪಸಾಯಿತು.

"ಅರ್ಧಾಕ್ಕ ಬಿಡಂಗಿಲ್ಲ ರಾಚಪ್ಪ. ಈ ಕತಿ ನಿನಗ ಮುಟ್ಟಸ್ತೀನಿ" ಎಂದಳು ಭಾಗೀರಥೀಬಾಯಿ, ಹೊರಡುವ ದಿನ.

ದೊಡ್ಡವರು ಹೋಗುವಾಗ ಆಡುವ ಸಮಾಧಾನದ ಮಾತು ಅದು ಎಂದುಕೊಂಡ ರಾಚಪ್ಪ. ಕಂಡಿಕೆ ಸುತ್ತುತ್ತ ತಾನೇ ಮುಂದಿನ ಕತೆ ಕಟ್ಟಿ ಶಿವಬಸವ್ವನಿಗೆ ಹೇಳಿದ. ಒಮ್ಮೆ ಕಮಲಾಕ್ಷಿ ಬಾಗಿಲು ತೆರೆದಳು, ಒಮ್ಮೆ ತೆರೆಯಲಿಲ್ಲ. ಯಾವುದೂ ರುಚಿಸಲಿಲ್ಲ. "ನಾವು ಕಟ್ಟಿದ ಕತಿ ನಮಗ ತಿಳಿದಷ್ಟ ಇರತೈತಿ ನೋಡು" ಎಂದು ಕೈಬಿಟ್ಟ.

ಮಳೆಗಾಲ ಮುಗಿಯುತ್ತ ಬಂದಾಗ ಪಕ್ಕದ ಮನೆಯ ಇಮಾಮಸಾಬ ಬಾಗಿಲಲ್ಲಿ ನಿಂತು ಕರೆದ. ಅವನು ಬಾಗಲಕೋಟೆ ಬಸ್ಸಿನ ಕಂಡಕ್ಟರ. "ರಾಚಪ್ಪಣ್ಣ, ವಾಸುದೇವರಾಯರು ಬಸ್ ಸ್ಟ್ಯಾಂಡಿಗೆ ಬಂದು ಒಂದು ಕ್ಯಾಸೆಟ್ ಕೊಟ್ಟಾರ. ನಮ್ಮನಿಗೆ ಬಾ, ಹಚ್ಚೂಣು."

ಇಮಾಮಸಾಬನ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಅವನ ಹೆಂಡತಿ ಕಾಸಿಂಬಿಯ ತಮ್ಮ ಸೌದಿಯಿಂದ ತಂದದ್ದು. ಕಸೂತಿಯ ಬಟ್ಟೆ ಹೊದಿಸಿ ಇಟ್ಟಿರುತ್ತಿದ್ದ ಅದನ್ನು ಕಾಸಿಂಬಿ ತಂದು ನಡುಮನೆಯಲ್ಲಿಟ್ಟು ಗುಂಡಿ ಒತ್ತಿದಳು. ಕರಕರ ಸದ್ದು. ಆಮೇಲೆ ಬಂದದ್ದು ವಾಸುದೇವರಾಯರ ದನಿಯಲ್ಲ.

"ರಾಚಪ್ಪ, ನಾನು ಭಾಗೀರಥೀಬಾಯಿ. ಇಲ್ಲೆ ವಾಸೂಗ ಉಸುರಾಡ್ಲಿಕ್ಕೂ ಪುರಸೊತ್ತಿಲ್ಲ. ಕಣ್ಣಿನ ಪೊರಿ ತಗಿಸಿಕೋರಿ ಅಂತ ಡಾಕ್ಟರು ಅನ್ನೂದು, ನಾ ಅಂಜಿ ಮುಂದ ಹಾಕೂದು, ಹಿಂಗ ನಡದಿತ್ತು. ನಿನಗ ಮಾತು ಕೊಟ್ಟಿದ್ನಲ್ಲಾ? ಧೈರ್ಯಾ ಮಾಡಿ ತಗಿಸಿಕೊಂಡೆ. ಈಗ ದಪ್ಪನ ಚಾಳೀಸು ಬಂದದ. ಇಲ್ಲಿ ಗ್ರಂಥಾಲಯದಾಗ ಆ ಪುಸ್ತಕಾನೂ ಸಿಕ್ಕದ. ಒಂದೊಂದು ಅಕ್ಷರ ಆನಿಯಷ್ಟು ಕಾಣ್ತಾವ. ಕೇಳು. ಗಂಡ ಬಾಗಲಾ ಬಡೀಲಿಕ್ಕೆ ಹತ್ತಿದ್ದ, ಹೌದಲ್ಲೋ?"

ತನಗಾಗಿ ಒಂದು ಮುದಿಜೀವ ಕಣ್ಣಿಗೆ ಕತ್ತರಿ ಹಾಕಿಸಿಕೊಂಡಿದೆ! ರಾಚಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಮುಂದೆ ಬಾಗಿ ಕಿವಿಗೊಟ್ಟ.

ಅವಳ ಓದು ಮಗನ ಓದಿನಂತೆ ಸರಾಗವಾಗಿರಲಿಲ್ಲ. ಉದ್ದ ಸಾಲು ಬಂದರೆ ಏದುಸಿರು. ನಡುವೆ ಕುಕ್ಕರ್ ಸೀಟಿ ಹಾಕುತ್ತಿತ್ತು, ಸೊಸೆ ವಿಮಲಾಬಾಯಿ ಬೀಗದ ಕೈ ಕೇಳುತ್ತಿದ್ದಳು. ಸಿಟ್ಟು ಬಂದಲ್ಲಿ ಪುಸ್ತಕ ಬಿಟ್ಟು, "ಈ ಗಂಡಗ ಬುದ್ಧಿನ ಇಲ್ಲ ನೋಡು" ಎಂದು ತನ್ನದೊಂದು ಮಾತು ಸೇರಿಸುತ್ತಿದ್ದಳು. ರಾಚಪ್ಪನಿಗೆ ಅದೆಲ್ಲ ಕತೆಯೊಳಗೇ ಕೂಡಿಕೊಂಡಿತು.

ಕ್ಯಾಸೆಟ್ ಮುಗಿದಾಗ ಕಮಲಾಕ್ಷಿಯ ಕೈ ಬಾಗಿಲ ಅಗಳಿಯ ಮೇಲಿತ್ತು. "ಯಾ ಅಲ್ಲಾ! ಆತನ್ನ ಹೊರಗ ನಿಂದ್ರಿಸೇ ಮುಗಿಸಿದ್ರಲ್ಲ!" ಎಂದು ಕಾಸಿಂಬಿ ಕ್ಯಾಸೆಟ್ ತೆಗೆದು ಹಿಂದೆ ಮುಂದೆ ತಿರುವಿದಳು.

ಮುಂದಿನ ಕ್ಯಾಸೆಟ್ಟಿಗೆ ಶಿವಬಸವ್ವನೂ ಬಂದಳು. ಆಮೇಲೆ ಓಣಿಯ ಹೆಂಗಸರೆಲ್ಲ ಮಗ್ಗ ನಿಲ್ಲಿಸಿ, ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದರು. ಕೇಳಿಯಾದ ಕ್ಯಾಸೆಟ್ ಬಸ್ಸಿನಲ್ಲೇ ಬಾಗಲಕೋಟೆಗೆ ಹೋಗುತ್ತಿತ್ತು. ಅದರ ಮೇಲೆಯೇ ಮುಂದಿನ ಕತೆ ತುಂಬಿ ಬರುತ್ತಿತ್ತು. ಇಮಾಮಸಾಬ ಅದನ್ನು ಟಿಕೆಟ್ ಚೀಲದಲ್ಲಲ್ಲ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತರುತ್ತಿದ್ದ.

ಚಳಿಗಾಲದಲ್ಲಿ ಕಮಲಾಕ್ಷಿಯ ಕತೆ ಮುಗಿಯಿತು. "ನಡಿ, ಹೋಗಿ ಕಂಡು ಬರೂಣು" ಎಂದ ರಾಚಪ್ಪ. ಶಿವಬಸವ್ವ ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬಿದಳು. ಬಸ್ಸಿನುದ್ದಕ್ಕೂ ಅವನು ಭಾಗೀರಥೀಬಾಯಿಯ ಮುಂದೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿದ. ತಮ್ಮ ಉಪಕಾರ ಈ ಜನ್ಮದಲ್ಲಿ ತೀರದು ಎಂದೇನೋ ಇತ್ತು. ಅವಳ ದನಿ ಕೇಳುತ್ತಲೇ ಎಲ್ಲವೂ ಮರೆತುಹೋಯಿತು.

"ಬಾ ರಾಚಪ್ಪ."

"ಆಕಿ ಮಾಡಿದ್ದು ಸರಿ ಅಲ್ರಿ ಬಾಯಾರ! ಬಾಗಲಾ ತಗದು, ಕುಂಡ್ರಿಸಿ, ಚಾ ಕೊಟ್ಟು, ಮತ್ತ ಹೊಲಿಯಾಕ ಕೂಡೂದಂದ್ರ? ಇರು ಅನ್ನಬೇಕು, ಇಲ್ಲಾ ಹೋಗು ಅನ್ನಬೇಕು."

"ಆಕಿ ಕೆಲಸಾ ಆಕಿ ಮಾಡಿದಳು. ಇರೂದು, ಹೋಗೂದು ಆತಗ ಬಿಟ್ಟದ್ದು. ನಿನಗ ತಿಳಿಯೂದಿಲ್ಲ ಬಿಡು."

"ನನಗ ತಿಳೀತ್ರಿ" ಎಂದಳು ಶಿವಬಸವ್ವ. ಎಲ್ಲರೂ ನಕ್ಕರು.

ನಗು ಇಳಿದ ಮೇಲೆ ಶಿವಬಸವ್ವ ಡಬ್ಬಿ ಮುಂದಿಟ್ಟಳು. "ಶೇಂಗಾ ಉಂಡಿ ಅದಾವ್ರಿ. ನೀವು ಮಡಿಯವರು, ತಿಂತೀರೋ ಇಲ್ಲೋ. ಮಕ್ಕಳಿಗರ ಕೊಡ್ರಿ."

ಭಾಗೀರಥೀಬಾಯಿ ಹೊರಗಿನವರ ಕೈಯಡಿಗೆ ಮುಟ್ಟಿದವಳಲ್ಲ, ಅದು ರಾಚಪ್ಪನಿಗೂ ಗೊತ್ತಿತ್ತು. ಆಗ ಡಬ್ಬಿಯ ಮುಚ್ಚಳ ತೆರೆದ ಸಪ್ಪಳವಾಯಿತು. ಉಂಡಿ ಮುರಿದ ಸಪ್ಪಳ. ಆಮೇಲೆ ಹಲ್ಲಿಲ್ಲದ ಬಾಯಿ ಮೆಲ್ಲಗೆ ಅಗಿಯುವ ಸಪ್ಪಳ.

"ಬೆಲ್ಲದ ಹದಾ ಛಲೋ ಬಂದದ" ಎಂದಳು ಭಾಗೀರಥೀಬಾಯಿ. "ವಿಮಲಾ, ನೀನೂ ತೊಗೋ."

ರಾಚಪ್ಪ ಕೈ ಮುಗಿದ. "ಬಾಯಾರ, ನನಗ..." ಎಂದು ಶುರು ಮಾಡಿದ.

"ಗೊತ್ತದ ಬಿಡೋ. ನೀ ಕೇಳಾಂವ ಇದ್ದೆಂತ ನಾ ಕಣ್ಣು ಬಿಟ್ಟೆ. ಈಗ ಮುಂಜಾನೆದ್ದು ಮೊಮ್ಮಕ್ಕಳ ಮುಖಾ ನೋಡ್ತೀನಿ. ಹೊಸಾ ಪುಸ್ತಕ ತರಸೀನಿ, ಉಂಡು ಹೋಗ್ರಿ."

ಇಳಿಹೊತ್ತಿನ ಬಸ್ಸಿಗೆ ಇಬ್ಬರೂ ಹೊರಟರು. ಅಮೀನಗಡದಲ್ಲಿ ಹತ್ತಿ ಪಕ್ಕಕ್ಕೆ ಕೂತ ಹುಲ್ಲಪ್ಪನೆಂಬ ರೈತ, ಎಲ್ಲಿಗೆ ಹೋಗಿದ್ದಿರೆಂದು ಕೇಳಿದ. ಹೇಳಹೊರಟರೆ ಕಮಲಾಕ್ಷಿಯಿಂದಲೇ ಶುರು ಮಾಡಬೇಕಾಯಿತು. ರಾಚಪ್ಪ ಮೊದಲ ಪುಟದಿಂದ ಎತ್ತಿಕೊಂಡ. ಮುಂದಿನ ಸೀಟಿನವರು ತಿರುಗಿ ಕೂತರು, ಹಿಂದಿನವರು ಕಂಬಿ ಹಿಡಿದು ಮುಂದೆ ಬಾಗಿದರು.

"ಹುನಗುಂದ! ಇಳೀರಿ, ಹುನಗುಂದ!" ಎಂದು ಇಮಾಮಸಾಬ ಕೂಗಿದ. ಹುಲ್ಲಪ್ಪ ಗಂಟು ಎತ್ತಿಕೊಂಡು ಬಾಗಿಲ ತನಕ ಹೋದವನು ಅಲ್ಲೇ ನಿಂತುಬಿಟ್ಟ.

"ಗಂಡ ಬಂದು ಬಾಗಲಾ ಬಡದನಲ್ರಿ, ಮುಂದ?"

"ಇಳಿಯಪಾ, ಹೊತ್ತಾತು" ಎಂದ ಇಮಾಮಸಾಬ. ಹಾಗೆಂದರೂ ಸೀಟಿ ಊದಲಿಲ್ಲ. ರಾಚಪ್ಪ ದನಿ ಏರಿಸಿ, ಬಾಗಿಲಲ್ಲಿ ನಿಂತವನಿಗೂ ಕೇಳುವ ಹಾಗೆ, ಮುಂದಿನ ಕತೆ ಹೇಳತೊಡಗಿದ.