ಎಪ್ಪತ್ತೇ ಐತೆ

೧೯೭೫ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಪ್ಪನ ಎದೆಯ ಚರ್ಮದಡಿ ಪೇಸ್‌ಮೇಕರ್ ಇಟ್ಟರು. ನಿಧಾನವಾಗಿದ್ದ ಹೃದಯವನ್ನು ಅದು ನಿಮಿಷಕ್ಕೆ ಎಪ್ಪತ್ತು ಸಲ ಬಡಿಸುತ್ತಿತ್ತು. "ಬ್ಯಾಟರಿ ಎರಡು ವರ್ಷ ಬರಬಹುದು, ಮೊದಲೇ ಮುಗಿಯಲೂಬಹುದು. ದಿನಾ ನಾಡಿ ಎಣಿಸಿ. ಅರವತ್ತೈದಕ್ಕೆ ಇಳಿದರೆ ಅವತ್ತೇ ಹೊರಟು ಬನ್ನಿ, ಬದಲಾಯಿಸುತ್ತೇವೆ," ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದರು.

ನಾನು ಹೊಸದುರ್ಗದ ಹೈಸ್ಕೂಲಿನಲ್ಲಿ ಟೀಚರ್. ಯಲ್ಲದಕೆರೆಯಲ್ಲಿ ಅಪ್ಪನ ಜೊತೆ ಇದ್ದವಳು ಅವ್ವ. ಓದು ಬಾರದಿದ್ದರೂ ಕುರಿ ಎಣಿಸಿ ಪಳಗಿದವಳು. ನನ್ನ ಕೈಗಡಿಯಾರ ಕೊಟ್ಟು, ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೆ ನಾಡಿ ಎಣಿಸಲು ಕಲಿಸಿದೆ.

"ಮದ್ವೆಯಾಗಿ ನಲ್ವತ್ತು ವರ್ಷಕ್ಕೆ ನಿಮ್ಮವ್ವ ನನ್ ಕೈ ಹಿಡ್ದವ್ಳೆ ನೋಡು," ಎಂದು ಅಪ್ಪ ನಕ್ಕ.

"ಸುಮ್ಕಿರಯ್ಯ, ಲೆಕ್ಕ ತಪ್ತೈತೆ."

ಪ್ರತಿ ಭಾನುವಾರ ಹೋಗಿ ನಾನೂ ಎಣಿಸುತ್ತಿದ್ದೆ. ಒಂದೂವರೆ ವರ್ಷ ಎಪ್ಪತ್ತೇ ಇತ್ತು. ಆಮೇಲೆ ಮಾರ್ಚಿನ ಪರೀಕ್ಷೆಗಳು ಬಂದು ಎರಡು ಭಾನುವಾರ ಹೋಗಲಾಗಲಿಲ್ಲ. ಬಸ್ಸಿನ ಕಂಡಕ್ಟರ್ ಕಾಟಪ್ಪನ ಕೈಲಿ ದಿನವೂ ನಾಡಿಯ ಲೆಕ್ಕ ಕೇಳಿಸುತ್ತಿದ್ದೆ.

"ನಿಮ್ಮವ್ವ ಎಪ್ಪತ್ತೇ ಐತೆ ಅಂತಾಳೆ ಮೇಡಂ. ನಿಮ್ ನಾಡಿ ಎಣಿಸ್ಕಳ್ರಿ ಮೊದ್ಲು!"

ಮೂರನೆಯ ವಾರ ಅಪ್ಪ ಕುರಿರೊಪ್ಪದ ಬಾಗಿಲಲ್ಲಿ ಕುಸಿದುಬಿದ್ದ. ನಾನು ತಲುಪುವ ಹೊತ್ತಿಗೆ ಮೈ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಕೇಳಿದೆ. "ಅವ್ವ, ಕೊನೇ ದಿನ ಎಷ್ಟಿತ್ತು?"

"ಐವತ್ತೆಂಟು."

"ಅರವತ್ತೈದು ಯಾವತ್ತಾಯ್ತು?"

"ಹನ್ನೊಂದು ದಿನ ಆಗಿತ್ತು."

ಮಂದೆಯಲ್ಲಿ ಕುರಿ ಸತ್ತರೂ, ತೋಳ ಒಯ್ದರೂ ನಮ್ಮವರು ಇಳಿದ ಸಂಖ್ಯೆಯನ್ನು ಬಾಯಲ್ಲಿ ಆಡುವುದಿಲ್ಲ. ಮರಿ ಹುಟ್ಟಿ ತುಂಬುವವರೆಗೆ ಹಳೆಯ ಸಂಖ್ಯೆಯನ್ನೇ ಹೇಳುತ್ತಾರೆ. ಆಡಿದರೆ ಉಳಿದವೂ ಹೋಗುತ್ತವೆಂಬ ಭಯ.

"ಕಮ್ಮಿ ಆಗೈತೆ ಅಂತ ಹೆಂಗೆ ಬಾಯಿ ಬಿಡ್ಲೇ?" ಎಂದಳು ಅವ್ವ. "ಮತ್ತೆ ತುಂಬ್ಕಂತವೆ ಅನ್ಕಂಡೆ. ದಿನಾ ಕೈ ಹಿಡ್ಕಂಡು ದೇವ್ರನ್ನ ಬೇಡ್ಕಂತಿದ್ದೆ."

ಬ್ಯಾಟರಿಯ ವಿಷಯವನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಹೆದರುತ್ತಾಳೆಂದು, ಇಳಿದರೆ ಹೇಳಿಕಳಿಸು ಎಂದಷ್ಟೇ ಅಂದಿದ್ದೆ. ಈಗ ಹೇಳಿದೆ. ಅವ್ವ ಕೊನೆಯವರೆಗೂ ಕೇಳಿಸಿಕೊಂಡಳು.

"ಹಂಗಾರೆ, ನಾನು ಅವತ್ತೇ ಹೇಳಿದ್ರೆ ನಿಮ್ಮಪ್ಪ ಉಳೀತಿದ್ನಾ?"

ಯೋಚಿಸುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು. "ಉಳೀತಿದ್ದ."

ಅವ್ವ ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆಯವರೆಗೂ ಕರೆದೆ. ಈ ಕಡೆ ತಿರುಗಲಿಲ್ಲ.