ಹಾಸಿಗೆ ಬಿಸಿಲಿಗೆ ಹಾಕುವ ದಿನ

ಹಗಲಿರುಳು ಸಮವಾಗುವ ದಿನ ಮನೆಯ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಬೇಕೆಂಬುದು ಅಮ್ಮ ಹಾಕಿಕೊಟ್ಟ ಪದ್ಧತಿ. ಇಬ್ಬರು ಹೆಣ್ಣುಮಕ್ಕಳಲ್ಲಿ, ಕೆಳಮನೆಯಲ್ಲಿ ಬಟ್ಟೆ ಹೊಲಿಯುವ ತಂಗಿ ಅದನ್ನು ಬಿಟ್ಟವಳಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಒಂದು ಹಳೇ ಕೊಡೆಯ ವಿಷಯಕ್ಕೆ ಮಹಡಿಯ ಮೇಲಿನ ಮನೆಯಲ್ಲಿರುವ ಅಕ್ಕನ ಜೊತೆ ಮಾತು ಬಿಟ್ಟಿದ್ದಳು. ಈ ಸಲ ಆ ದಿನ ತಾರಸಿಗೆ ಒಯ್ಯುತ್ತಿದ್ದ ಹತ್ತಿಯ ಹಾಸಿಗೆ ಒಬ್ಬಳ ಕೈಗೆ ಬಗ್ಗಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಅವಳನ್ನು ಗೋಡೆಗೊತ್ತಿ ನಿಂತಿತು. ಅಕ್ಕನನ್ನು ಕರೆಯಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಯಾರೋ ಇನ್ನೊಂದು ತುದಿ ಎತ್ತಿದರು.

"ಒಬ್ಬಳೇ ಎಳೆದಾಡ್ತೀಯ ಅಂತ ಗೊತ್ತಿತ್ತು ಕಣೇ," ಅಂದಳು ಅಕ್ಕ.

"ಮತ್ತೆ ಮೊದಲೇ ಬರೋದಲ್ವಾ?"

"ಸ್ವಲ್ಪ ಬೆವರಲಿ ಅಂತ ಬಿಟ್ಟೆ."

ತಂಗಿಗೆ ನಗು ತಡೆಯಲಾಗಲಿಲ್ಲ. ತಾರಸಿಯ ಮೇಲೆ ಇಬ್ಬರೂ ಕೋಲು ಹಿಡಿದು ಹಾಸಿಗೆಯನ್ನು ಚೆನ್ನಾಗಿ ಬಡಿದರು. ಆಮೇಲೆ ಅದರ ಮೇಲೇ ಕಾಲು ಚಾಚಿ ಕೂತು, ಬಿಸಿಲಿಗೆ ಬೆನ್ನು ಕಾಯಿಸುತ್ತ, ಮಧ್ಯಾಹ್ನದವರೆಗೂ ಹರಟಿದರು.