ಪುಡಿಯಾದ ಮಂತ್ರಿಗೆ ಒಂದು ಸಹಿ

ನನ್ನ ಕೆಲಸ ಏನೆಂದು ನೆಂಟರಿಗೆ ವಿವರಿಸಿ ಗೆದ್ದದ್ದು ಇದುವರೆಗೂ ಇಲ್ಲ. ಮಾಯಾಲೋಕದ ಧಾರಾವಾಹಿಯೊಂದರಲ್ಲಿ ಯಾರು ಸತ್ತಿದ್ದಾರೆ, ಯಾರು ಬದುಕಿದ್ದಾರೆ, ದೈತ್ಯನಿಗೆ ಕುರುಡಾದದ್ದು ಎಡಗಣ್ಣೋ ಬಲಗಣ್ಣೋ ಎಂದು ಬರೆದಿಟ್ಟುಕೊಳ್ಳುವುದು ನನ್ನ ಹೊಟ್ಟೆಪಾಡು. ಸ್ಟುಡಿಯೋದ ಮೆಟ್ಟಿಲ ಕೆಳಗೆ ಒಂದು ಕೋಣೆ. ಅದರಲ್ಲಿ ನಾನು, ಕಿರುಗುಟ್ಟುವ ಒಂದು ಫ್ಯಾನು, ಎಂಟು ನೂರು ಪುಟದ ಒಂದು ಪುಸ್ತಕ. ಪ್ರತಿ ಸಂಚಿಕೆಗೂ ಮುಂಚೆ 'ಹಿಂದಿನ ಕಥೆಗೆ ವಿರೋಧವಿಲ್ಲ' ಎಂಬ ಹಾಳೆಗೆ ನಾನು ಸಹಿ ಹಾಕಬೇಕು. ಅದಿಲ್ಲದೆ ಕ್ಯಾಮೆರಾ ಓಡುವುದಿಲ್ಲ. ನಾಲ್ಕು ವರ್ಷದಲ್ಲಿ ಒಂದೇ ಒಂದು ಸುಳ್ಳು ಸಹಿ ಹಾಕಿದವಳಲ್ಲ. ಕಥೆ ಬರೆಯುವವರು ಬೆನ್ನ ಹಿಂದೆ ನನ್ನನ್ನು 'ಬೀಗದಮ್ಮ' ಎನ್ನುತ್ತಾರೆಂದು ಗೊತ್ತು. ಅನ್ನಲಿ.

ಈ ಕಟ್ಟುನಿಟ್ಟು ಬಂದದ್ದು ಅಪ್ಪನಿಂದ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ತಕ್ಕಡಿ ಹತ್ತು ಗ್ರಾಂ ಸುಳ್ಳು ಹೇಳಿದರೂ ಮುಲಾಜಿಲ್ಲದೆ ಅಂಗಡಿಯವನಿಗೆ ನೋಟಿಸು ಕೊಟ್ಟು ಬರುತ್ತಿದ್ದರು. ಐದನೇ ಕ್ಲಾಸಿನಲ್ಲಿ ನಾನು ಅಂಕಪಟ್ಟಿಯ ಮೇಲೆ ಅವರ ಸಹಿ ಗೀಚಿದ್ದಕ್ಕೆ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು.

ನಿವೃತ್ತರಾಗಿ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ಅವರನ್ನು ಧಾರಾವಾಹಿಗೆ ಕರೆತಂದವಳೂ ನಾನೇ. ಮಂತ್ರಿಯ ಪಾತ್ರಕ್ಕೆ ಒಪ್ಪಿಕೊಂಡಿದ್ದವರು ಕೈಕೊಟ್ಟ ದಿನ, ಗಡ್ಡ ಹೊಂದುತ್ತದೆಂದು ಅಪ್ಪನನ್ನೇ ನಿಲ್ಲಿಸಿದರು. ಅಪ್ಪ ಹದಿಮೂರು ಸಂಚಿಕೆ ಅಬ್ಬರಿಸಿ, ನಲವತ್ತೊಂದನೆಯದರಲ್ಲಿ ಮಾಟಗಾತಿಯ ಶಾಪಕ್ಕೆ ಸಿಕ್ಕಿ ಕಲ್ಲಾದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅದೇ ತಿಂಗಳು ಸೇನಾಪತಿಯನ್ನು ಕಥೆಯ ನಿಯಮದ ಯಾವುದೋ ಸಂದಿಯಲ್ಲಿ ತೂರಿಸಿ ನಾಲ್ಕನೇ ಸಲ ಬದುಕಿಸಿದ್ದರು. ನನಗೆ ತಲೆ ಕೆಟ್ಟಿತ್ತು. ಕಲ್ಲನ್ನು ಕುಟ್ಟಿ ಪುಡಿ ಮಾಡಿ, ಪುಡಿಯನ್ನು ಏಳು ನದಿಗೆ ಚೆಲ್ಲಿಸಿ, 'ಪುಡಿಯಾದವರು ಎಂದೂ ಮರಳುವುದಿಲ್ಲ' ಎಂದು ರಾಣಿಯ ಬಾಯಲ್ಲಿ ಹೇಳಿಸುವವರೆಗೂ ನಾನು ಬಿಡಲಿಲ್ಲ. ಅಪ್ಪನೂ ಮೆಚ್ಚಿದ್ದರು. "ಸತ್ರೆ ಹೀಗೆ ಸಾಯ್ಬೇಕು. ಅನುಮಾನಕ್ಕೆ ಜಾಗ ಇರಬಾರದು" ಎಂದಿದ್ದರು.

ಮೊನ್ನೆ, ಇನ್ನೂರ ಹನ್ನೆರಡನೆಯ ಸಂಚಿಕೆಗೆ ಮುಂಚೆ, ಕಥೆ ಬರೆಯುವವನು ಹಲ್ಲುಗಿಂಜುತ್ತ ಬಂದು ಹಾಳೆ ಮುಂದಿಟ್ಟ.

"ಅಕ್ಕಾ, ನೋಡೋ ಜನ ಕಡಿಮೆ ಆಗಿದಾರೆ. ಚಾನೆಲ್‌ನವರು ಮಂತ್ರೀನ ವಾಪಸ್ ತನ್ನಿ ಅಂತಿದಾರೆ."

"ಎಲ್ಲಿಂದ ತರ್ತೀಯ?"

"ನದಿಯಿಂದ."

"ಯಾವ ನದಿಯಿಂದ? ಏಳಿವೆ."

ಅವನು ತಲೆ ಕೆರೆದುಕೊಂಡ. "ಏಳರಿಂದಲೂ ಸ್ವಲ್ಪ ಸ್ವಲ್ಪ."

ಹಾಳೆಯನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಆಗಲ್ಲ ಎಂದು ಹೇಳಿ ಕಳಿಸಿ, ಮನೆಗೆ ಹೋದೆ. ಅಲ್ಲಿ ಅಪ್ಪ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಬೀರುವಿನ ಕನ್ನಡಿಯ ಮುಂದೆ ನಿಂತು, "ಮಹಾರಾಣಿ, ನಾನು ಬಂದೆ!" ಎಂದು ಅಭ್ಯಾಸ ಮಾಡುತ್ತಿದ್ದರು. ನಿರ್ದೇಶಕರು ಬೆಳಿಗ್ಗೆಯೇ ಫೋನು ಮಾಡಿದ್ದರಂತೆ. ಅಪ್ಪ ಹೊಸದಾಗಿ ಇಸ್ತ್ರಿ ಮಾಡಿದ ಷರ್ಟು ತೊಟ್ಟಿದ್ದರು. ನದಿಯಿಂದ ಏಳಲು ಷರ್ಟು ಯಾಕೆ ಬೇಕೋ ಅವರಿಗೇ ಗೊತ್ತು.

ಮೂರು ದಿನ ಪುಸ್ತಕ ತಡಕಾಡಿದೆ. ಮಂತ್ರಿಗೆ ಅವಳಿ ಸಹೋದರ ಇದ್ದ ಎನ್ನೋಣವೆಂದರೆ, ಒಬ್ಬನೇ ಮಗ ಎಂದು ನಾನೇ ಬರೆದಿದ್ದೆ. ರಾಣಿ ಕಂಡ ಕನಸು ಎನ್ನೋಣವೆಂದರೆ, ಈ ರಾಜ್ಯದಲ್ಲಿ ಯಾರಿಗೂ ಕನಸು ಬೀಳುವುದಿಲ್ಲ. ಕಥೆಯವರು ಕನಸಿನ ನೆಪ ಹೇಳುವುದು ಜಾಸ್ತಿಯಾಯಿತೆಂದು ಹಟ ಹಿಡಿದು ನಿಲ್ಲಿಸಿದವಳು ನಾನೇ. ದೆವ್ವವಾಗಿ ಬರಬಹುದಿತ್ತು, ಆದರೆ ನಮ್ಮ ದೆವ್ವಗಳಿಗೆ ಮಾತು ಬರುವುದಿಲ್ಲ, ಗಡ್ಡವೂ ಇಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದೇ ಸಂದಿ ಮುಚ್ಚುತ್ತ ಬಂದು, ಕೊನೆಗೆ ಹೆತ್ತಪ್ಪನನ್ನೇ ಆಚೆ ಬಿಟ್ಟು ಬಾಗಿಲು ಹಾಕಿಕೊಂಡಿದ್ದೆ. ನನ್ನ ಮೇಲೆ ನನಗೇ ರೇಗಿಹೋಯಿತು.

ನಾಲ್ಕನೇ ದಿನ ಊಟದ ಮೇಜಿನ ಮೇಲೆ ಹಾಳೆ ಇಟ್ಟೆ. ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಇದು ಸರಿ ಹೋಗಲ್ಲ ಅಪ್ಪ. ನೀವು ಪುಡಿಯಾಗಿದೀರಿ."

"ಗೊತ್ತು."

"ಏಳು ನದಿಗೆ ಚೆಲ್ಲಿದಾರೆ."

"ಚೆಲ್ಲೋವಾಗ ನಾನೂ ಅಲ್ಲೇ ಇದ್ನಲ್ಲ, ಟೀ ಕುಡೀತಾ." ಅವರು ಹಾಳೆಯನ್ನು ನನ್ನ ಕಡೆ ತಳ್ಳಿದರು. "ಹಾಕ್ಬಿಡು ಸಹಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ನೀವಾ ಈ ಮಾತು ಹೇಳ್ತಿರೋದು?"

"ನಾನೇ." ಅಪ್ಪ ಕನ್ನಡಕ ತೆಗೆದು ಷರ್ಟಿನ ಅಂಚಿನಲ್ಲಿ ಒರೆಸತೊಡಗಿದರು. "ಮೂವತ್ತೊಂದು ವರ್ಷ ನಾನು ರಸ್ತೇಲಿ ಬಂದ್ರೆ ಅಂಗಡಿಯವರು ಬಾಗಿಲು ಎಳ್ಕೋತಿದ್ರು ಕಣೇ. ನಾನು ಮಾಡಿದ್ದು ನ್ಯಾಯವೇ, ಇಲ್ಲ ಅನ್ನಲ್ಲ. ಆದ್ರೆ ಮಂತ್ರಿ ಆದ್ಮೇಲೆ ಬೇಕರಿಯವನು 'ಬನ್ನಿ ಮಂತ್ರಿಗಳೇ' ಅಂತ ಕುರ್ಚಿ ಹಾಕಿ ಕೂರಿಸ್ದ. ಜೀವನದಲ್ಲಿ ಮೊದಲನೇ ಸಲ. ನನ್ನ ಪುಡಿ ಮಾಡಿದ್ಮೇಲೆ ಅವನೂ ಮರೆತ. ಹೋದ ವಾರ 'ಯಾರು ನೀವು' ಅಂದ."

ಇಷ್ಟು ವರ್ಷ ಜೊತೆಗಿದ್ದೂ ಅಪ್ಪ ಹೀಗೆ ಒಂಟಿಯೆಂದು ನನಗೆ ಗೊತ್ತಿರಲಿಲ್ಲ. ಅಳು ಬಂತು. ಇನ್ನೇನೂ ಕೇಳದೆ ಸಹಿ ಹಾಕಿದೆ.

ಚಿತ್ರೀಕರಣದ ದಿನ ನದಿಗೆಂದು ನೀಲಿ ಪ್ಲಾಸ್ಟಿಕ್ ಹಾಸಿ ನೀರು ತುಂಬಿಸಿದ್ದರು. ಮೈಗೆಲ್ಲ ಬಿಳಿ ಪುಡಿ ಬಳಿದುಕೊಂಡ ಅಪ್ಪ ಅದರೊಳಗಿಂದ ಎದ್ದು ನಿಂತರು.

"ಮಂತ್ರಿಗಳೇ! ಪುಡಿಯಾದ ನೀವು ಮರಳಿದ್ದು ಹೇಗೆ?" ಎಂದಳು ರಾಣಿ.

'ಮಂತ್ರಿ ನಿಗೂಢವಾಗಿ ನಗುತ್ತಾನೆ' ಎಂದಷ್ಟೇ ಕಥೆಯಲ್ಲಿತ್ತು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನಗುವುದು ಅಪ್ಪನ ಜಾಯಮಾನವಲ್ಲ.

"ನನ್ನ ಮಗಳು ಸಹಿ ಹಾಕಿದಳು, ಮಹಾರಾಣಿ."

"ನಿಲ್ಸಿ!" ಎಂದು ಕೂಗಿಕೊಂಡೆ. "ಮಂತ್ರಿಗೆ ಮದುವೇನೇ ಆಗಿಲ್ಲ! ಪುಟ ಎಂಬತ್ತೇಳು!"

ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಿದ್ದರು. "ಇರಲಿ ಬಿಡಮ್ಮ" ಎಂದರು.

ಅದು ಹಾಗೆಯೇ ಪ್ರಸಾರವಾಯಿತು. ನೋಡುವವರಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ. ನಾನು ಪುಸ್ತಕ ತೆರೆದು, ಈ ರಾಜ್ಯದಲ್ಲಿ ಪುಡಿಯಾದವರು ಮಗಳು ಸಹಿ ಹಾಕಿದರೆ ಮರಳಬಹುದು ಎಂದು ಶುದ್ಧವಾಗಿ ಬರೆದಿಟ್ಟೆ. ಇನ್ನು ನೆಮ್ಮದಿ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಿನಿಂದ ಗೇಟಿನವರೆಗೂ ಧಾರಾವಾಹಿಯಲ್ಲಿ ಸತ್ತವರ ಸಾಲು. ಎತ್ತರದಿಂದ ಬಿದ್ದವರು, ಬಾಣ ತಗುಲಿದವರು, ದೈತ್ಯ ನುಂಗಿದ ಅಣ್ಣ ತಮ್ಮಂದಿರು, ತಲೆ ಹೋದ ಮೂವರು ತಂತಮ್ಮ ತಲೆಯ ಸಮೇತ. ಎಲ್ಲರ ಕೈಯಲ್ಲೂ ಒಂದೊಂದು ಹಾಳೆ. ಮಗಳಿಲ್ಲದವರು ಪಕ್ಕದ ಮನೆಯ ಹುಡುಗಿಯರನ್ನು ಕರೆತಂದಿದ್ದರು. ತಳ್ಳಾಡಬೇಡಿ ಎಂದು ಗದರುತ್ತ ಸಾಲನ್ನು ನೇರ ಮಾಡುತ್ತಿದ್ದವರು ಅಪ್ಪ.

ಮೊದಲು ಒಳಗೆ ಬಂದದ್ದು ಸಣ್ಣಗಿನ ಒಬ್ಬ ಹೆಂಗಸು. ವಯಸ್ಸು ಅರವತ್ತು ದಾಟಿರಬೇಕು. ನನಗೆ ಗುರುತೇ ಸಿಗಲಿಲ್ಲ.

"ಅರಮನೆ ಅಡುಗೆಯವಳು" ಎಂದರು. "ರಾಜನ ಊಟ ರುಚಿ ನೋಡಿ, ವಿಷ ಏರಿ ಸತ್ತೆ."

ಪುಸ್ತಕ ತಿರುವಿದೆ. ಮೊದಲಿಂದ ಕೊನೆಯವರೆಗೆ ಎರಡು ಸಲ ತಿರುವಿದೆ. ದೈತ್ಯನ ಕಣ್ಣಿತ್ತು, ದೆವ್ವದ ಗಡ್ಡದ ಮಾತಿತ್ತು. ಅಡುಗೆಯವಳು ಎಲ್ಲೂ ಇರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಇಲ್ವೇನಮ್ಮ?" ಎಂದು ಕೇಳಿದರು. ಅವರಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ. "ಒಂಬತ್ತನೇ ಸಂಚಿಕೆ. ನಂಗೆ ಇದ್ದಿದ್ದು ಎರಡೇ ಮಾತು. ಎರಡೂ ನೆನಪಿದೆ, ಹೇಳ್ಲಾ?"

ನಾನು ಎದ್ದು ನನ್ನ ಕುರ್ಚಿಯನ್ನು ಅವರ ಕಡೆ ಸರಿಸಿದೆ.

"ಕೂತ್ಕೊಂಡು ಹೇಳಿ" ಎಂದು ಪೆನ್ನಿನ ಮುಚ್ಚಳ ತೆಗೆದೆ.